ಬ್ಯಾಸಿಗಿ ಅಂದ್ರ ಬ್ಯಾಸಿಗಿ

ನಾನು ಅಪ್ಪನನ್ನು ವಾದದಲ್ಲಿ ಸೋಲಿಸಿ ಜರ್ಮನಿಗೆ ಹೋದೆ ಎಂಬ ಕಥೆ ಕೃಷ್ಣರಾಜಪುರದ ನಮ್ಮ ವಠಾರದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. "ಆ ಹುಡುಗಿ ಬಾಯಿ ಅಂದ್ರೆ ಬಾಯಿ ಕಣ್ರೀ! ಅವರಪ್ಪನ್ನ ಒಂದೇ ಗಂಟೇಲಿ ಸುಸ್ತು ಮಾಡ್ಬಿಟ್ಲು," ಎಂದು ಮನೆ ಓನರ್ ಆಂಟಿ ಹೊಸದಾಗಿ ಬಾಡಿಗೆಗೆ ಬಂದವರಿಗೆಲ್ಲ ಹೇಳುತ್ತಾರೆ. ಕೇಳಲು ಹಿತವಾಗಿದೆ, ಆದರೆ ಪುರಾವೆ ಇಲ್ಲ. ನಾನು ಅಂದು ಸೋತಿದ್ದೆ. ಅದೂ ಪೂರ್ತಿಯಾಗಿ.

ಒಂಬತ್ತನೇ ತರಗತಿಯಲ್ಲಿ ನಾನು ಅಂತರಶಾಲಾ ಚರ್ಚಾಸ್ಪರ್ಧೆ ಗೆದ್ದಿದ್ದೆ. ಗೆದ್ದವರಿಗೆ ಬೇಸಿಗೆಯಲ್ಲಿ ವಿದೇಶದ ಸಾಂಸ್ಕೃತಿಕ ಕಾರ್ಯಕ್ರಮ, ಖರ್ಚೆಲ್ಲ ಶಾಲೆಯದೇ. ಜನವರಿಯ ಒಂದು ಶುಕ್ರವಾರ ಹೆಡ್‌ಮಿಸ್ ನನ್ನನ್ನು ಕರೆದು ಎರಡು ಪುಸ್ತಿಕೆಗಳನ್ನು ಕೊಟ್ಟರು. "ಒಂದು ಸಿಂಗಪುರ, ಒಂದು ಜರ್ಮನಿ. ಯಾವುದು ಅಂತ ಸೋಮವಾರ ಹೇಳ್ಬೇಕು. ಪೇರೆಂಟ್ಸ್ ಸೈನ್ ಇಲ್ದೆ ಬಂದ್ರೆ ಮುಂದಿನ ಹುಡುಗನಿಗೆ ಹೋಗತ್ತೆ." ರಿಚರ್ಡ್ಸ್ ಟೌನಿನ ಶಾಲೆಯಿಂದ ಮನೆ ಸೇರುವವರೆಗೆ ಬಸ್ಸಿನಲ್ಲಿ ನಿಂತೇ ಎರಡನ್ನೂ ಓದಿದೆ. ಪ್ರಾಮಾಣಿಕವಾಗಿ ಹೇಳುವುದಾದರೆ, ಮೊದಲ ಪುಟಗಳನ್ನು ಮಾತ್ರ. ಕೊನೆಯ ಪುಟದ ಸಣ್ಣ ಅಕ್ಷರಗಳನ್ನು ಓದಲಿಲ್ಲ. ಎಲ್ಲರ ಮಾತನ್ನೂ ಶಂಕಿಸುತ್ತಿದ್ದ ನನಗೆ 'ಸಮ್ಮರ್' ಎಂಬ ಪದವನ್ನು ಶಂಕಿಸಬೇಕು ಎಂದು ಹೊಳೆಯಲೇ ಇಲ್ಲ.

ನಮ್ಮದು ಕಲಬುರಗಿ ಕಡೆಯಿಂದ ಬಂದ ಸಂಸಾರ. ಅಪ್ಪ ಗಾರೆ ಮೇಸ್ತ್ರಿ, ಅವ್ವ ಗಾರ್ಮೆಂಟ್ಸಿನ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸಕ್ಕೆ. ಆ ಸಂಜೆ ಇದ್ದ ಒಂದೇ ಕೋಣೆಯಲ್ಲಿ ಅಪ್ಪ ಗೋಡೆಗೆ ಒರಗಿ ಕೂತಿದ್ದರು, ಅವ್ವ ಮೂಲೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನಾನು ನಡುವೆ ನಿಂತು ವಿಷಯ ಮಂಡಿಸಿದೆ.

"ಸಿಂಗಪುರಕ್ಕೆ ಟೀಚರ್ ಜೊತೆ ಐದು ದಿನ. ಹೋಟೆಲಲ್ಲಿ ಇಳಿಯೋದು, ಬಸ್ಸಲ್ಲಿ ಸುತ್ತೋದು, ಅಂಗಡಿ ನೋಡೋದು. ಇದರಲ್ಲಿ ಸಂಸ್ಕೃತಿ ಎಲ್ಲಿದೆ? ಅಂಗಡಿ ನೋಡೋಕೆ ಕಮ್ಮನಹಳ್ಳಿ ಮೇನ್ ರೋಡ್ ಸಾಕು. ಜರ್ಮನೀಲಿ ಒಂದು ಮನೇಲಿ ನಾಲ್ಕು ವಾರ ಇರೋದು. ಅವರ ಹಾಡು, ಅವರ ಅಡುಗೆ, ಅವರ ಜಗಳ, ಎಲ್ಲಾ ನೋಡ್ಬಹುದು."

"ಹೌದು," ಎಂದರು ಅಪ್ಪ.

"ಭಾಷೆ ಕಲೀಬಹುದು."

"ಹೌದು."

"ಹಾಗಾದ್ರೆ ಜರ್ಮನಿ?"

"ಬ್ಯಾಡ."

ಎದುರಾಳಿ ನನ್ನ ಎಲ್ಲ ಅಂಶಗಳನ್ನೂ ಒಪ್ಪಿಕೊಂಡು ತೀರ್ಮಾನವನ್ನು ಮಾತ್ರ ತಳ್ಳಿಹಾಕಿದರೆ ಏನು ಮಾಡಬೇಕೆಂದು ಯಾವ ಸ್ಪರ್ಧೆಯಲ್ಲೂ ಕಲಿಸಿರಲಿಲ್ಲ. ಕಾರಣ ಕೇಳಿದೆ.

"ಗುರ್ತಿಲ್ಲದವ್ರ ಮನ್ಯಾಗ ತಿಂಗಳಗಟ್ಲೆ ಹ್ಯಾಂಗ ಇರ್ತಿ?"

"ನಾವು ಈ ಕೋಣೆಗೆ ಬಂದಾಗ ಓನರ್ ಆಂಟಿ ಗುರುತಿದ್ರಾ?"

ಅವ್ವ ರೊಟ್ಟಿಯ ಹಿಟ್ಟಿಗೆ ಮುಖ ಬಗ್ಗಿಸಿ ನಕ್ಕಳು. ಅಪ್ಪ ನಗಲಿಲ್ಲ. ಗೋಡೆಗೆ ರಸಮಟ್ಟ ಇಟ್ಟು ನೋಡುವ ಹಾಗೆ ನನ್ನನ್ನು ಒಂದು ಗಳಿಗೆ ನೋಡಿದರು. "ನೋಡವಾ, ನಂದು ಒಂದೇ ಮಾತು. ಮುಂದಿಂದು ಮೆಟ್ರಿಕ್ ವರ್ಷ. ಸಾಲಿ ಒಂದಿನಾನೂ ತಪ್ಪಬಾರ್ದು. ಸಿಂಗಪುರ ಐದು ದಿನ, ಸೂಟ್ಯಾಗೇ ಮುಗೀತದ. ಅದಕ್ಕೇ ಹೋಗು." ಮತ್ತೆ ಒಂದು ಗಂಟೆ ವಾದಿಸಿದೆ. ವಠಾರ ಕೇಳಿಸಿಕೊಂಡದ್ದು ಈ ಗಂಟೆಯನ್ನು. ಅಪ್ಪ ಸುಸ್ತಾದದ್ದು ನಿಜ, ಆದರೆ ಬಗ್ಗಲಿಲ್ಲ. ಕೊನೆಗೆ ಸುಮ್ಮನಾದವಳು ನಾನೇ.

ಆಗ ಅವ್ವ ತವೆಯ ಮೇಲಿನ ರೊಟ್ಟಿ ತಿರುವಿಹಾಕುತ್ತಾ ಕೇಳಿದಳು, "ಅಲ್ರೀ, ಆ ಜರ್ಮನಿದು ಯಾವಾಗ ಅಂತ ಬರದಾರ?"

ನಾನು ಪುಸ್ತಿಕೆಯ ಮುಖಪುಟವನ್ನು ಕನ್ನಡಕ್ಕಿಳಿಸಿ ಗಟ್ಟಿಯಾಗಿ ಓದಿದೆ: "ಬೇಸಿಗೆ ಸಾಂಸ್ಕೃತಿಕ ಕಾರ್ಯಕ್ರಮ, ನಾಲ್ಕು ವಾರ."

"ಮತ್ತ? ಬ್ಯಾಸಿಗಿ ಸೂಟಿ ಎಂಟು ವಾರ ಇರ್ತದ, ಇದು ನಾಕು ವಾರ. ಬ್ಯಾಸಿಗ್ಯಾಗ ಹೋಗಿ ಬಂದ್ರ ನಿಮ್ಮದೇನು ತಕರಾರು ಅದರೀ?"

ಅಪ್ಪ ಬೆರಳು ಮಡಚಿ ಲೆಕ್ಕ ಹಾಕಿದರು. "ಬ್ಯಾಸಿಗ್ಯಾಗ ಅಂದ್ರ ತಕರಾರಿಲ್ಲ."

"ಹಂಗಾದ್ರ ಅರ್ಜಿಗಿ ಸೈ ಮಾಡ್ರಿ." ಅವ್ವ ಹಿಟ್ಟಿನ ಕೈಯಲ್ಲೇ ಪೆನ್ನು ತಂದುಕೊಟ್ಟಳು. ಆ ಅರ್ಜಿಯ ಮೇಲೆ ಅವಳ ಬೆರಳಿನ ಬಿಳಿ ಗುರುತು ಉಳಿದಿತ್ತು. ಸೋಮವಾರ ಹೆಡ್‌ಮಿಸ್ ಅದನ್ನು ಕೊಡವಿ ಫೈಲಿಗೆ ಸೇರಿಸಿದರು.

ಏಪ್ರಿಲ್‌ನಲ್ಲಿ ಪ್ರಯಾಣದ ಪತ್ರ ಬಂತು. ಜುಲೈ ಮೊದಲ ವಾರ ಹೊರಡಬೇಕು, ಆಗಸ್ಟಿನಲ್ಲಿ ವಾಪಸ್. ಪುಸ್ತಿಕೆಯ ಕೊನೆಯ ಪುಟ ತೆಗೆದರೆ ಅಲ್ಲೂ ಅದೇ ಇತ್ತು. ಅಪ್ಪ ಕೆಲಸ ಬಿಟ್ಟು, ಸಿಮೆಂಟು ಮೆತ್ತಿದ ಚಪ್ಪಲಿಯಲ್ಲೇ ಶಾಲೆಗೆ ಬಂದರು.

"ಮೇಡಮ್ಮಾರ, ಜುಲೈ ಅಂದ್ರ ಮಳಿಗಾಲ ಅಲ್ರೀ?"

"ನಮಗೆ ಮಳೆಗಾಲ. ಅವರಿಗೆ ಅದೇ ಬೇಸಿಗೆ. ನೀವೇ ಸೈನ್ ಮಾಡಿದೀರಲ್ಲ ಸಾರ್?"

ಅಪ್ಪ ಅರ್ಜಿಯನ್ನು ದೀರ್ಘವಾಗಿ ನೋಡಿದರು. ನನ್ನ ಬಳಿ ಒಂದೇ ಒಂದು ವಾದವೂ ಉಳಿದಿರಲಿಲ್ಲ. ಆಮೇಲೆ ಅವರ ಹೊಟ್ಟೆ ಅಲುಗತೊಡಗಿತು. ನಗು! "ಒಪ್ಪೀನ್ರೀ. ಬ್ಯಾಸಿಗಿ ಅಂದ್ರ ಬ್ಯಾಸಿಗಿ. ಅವರದಾದ್ರೇನು, ನಮ್ಮದಾದ್ರೇನು." ನನ್ನ ಕಡೆ ತಿರುಗಿ, "ಗಣಿತದ ಪುಸ್ತಕ ಒಯ್ಯಬೇಕು, ತಿಳೀತಾ?" ಎಂದರು.

ಹೊರಡುವ ದಿನ ಜಿನುಗುಮಳೆ. ಹಳೇ ವಿಮಾನ ನಿಲ್ದಾಣದ ಬಾಗಿಲಲ್ಲಿ ಅವ್ವ ನನ್ನ ಕೈಚೀಲಕ್ಕೆ ಒಂದು ಉಳ್ಳಾಗಡ್ಡಿ ಹಾಕಿದಳು. ನಮ್ಮೂರ ಕಡೆ ಬೇಸಿಗೆಯಲ್ಲಿ ಹೊರಗೆ ಹೋಗುವವರು ಬಿಸಿಲು ಬಡಿಯದಿರಲೆಂದು ಕಿಸೆಯಲ್ಲಿ ಈರುಳ್ಳಿ ಇಟ್ಟುಕೊಳ್ಳುತ್ತಾರೆ. "ಬ್ಯಾಸಿಗಿಗಿ ಹೊಂಟಾಳಲ್ರೀ," ಎಂದು ಅಪ್ಪನಿಗೆ ಹೇಳಿದಳು, ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ. ನೆನೆದ ತಲೆ ಒರೆಸಿಕೊಳ್ಳುತ್ತಿದ್ದ ಅಪ್ಪ ಗಂಭೀರವಾಗಿ ತಲೆಯಾಡಿಸಿದರು.

ಜರ್ಮನಿಯಲ್ಲಿ ಕೊನೆಯ ವಾರದ ಒಂದು ಸಂಜೆ ಪ್ರತಿಯೊಬ್ಬರೂ ತಮ್ಮ ಸಂಸ್ಕೃತಿಯ ಒಂದು ವಸ್ತು ತೋರಿಸಬೇಕಿತ್ತು. ಉಳಿದವರು ರೇಷ್ಮೆ, ಕೊಳಲು, ಮುಖವಾಡ ತಂದಿದ್ದರು. ನಾನು ಮೊಳಕೆಯೊಡೆದ ಉಳ್ಳಾಗಡ್ಡಿ ಎತ್ತಿ ಹಿಡಿದು, ಅದು ಬಿಸಿಲಿನ ಹೊಡೆತ ತಡೆಯುತ್ತದೆ ಎಂಬ ಪಕ್ಷದಲ್ಲಿ ಐದು ನಿಮಿಷ ವಾದಿಸಿದೆ. ನಾನು ನಂಬದ ಪಕ್ಷ ಅದು, ಆದರೂ ನನ್ನ ಜೀವನದ ಅತ್ಯುತ್ತಮ ಭಾಷಣ. ಮರುದಿನ ನಾನಿದ್ದ ಮನೆಯ ಅಜ್ಜಿ ಏಪ್ರನ್ ಜೇಬಿನಲ್ಲಿ ಒಂದು ಈರುಳ್ಳಿ ಇಟ್ಟುಕೊಂಡು ತೋಟಕ್ಕಿಳಿದರು.

ಅದೇ ಮಧ್ಯಾಹ್ನ ಪೇಟೆಯ ಬಟ್ಟೆ ಅಂಗಡಿಯಲ್ಲಿ ನಿಂಬೆಹಣ್ಣಿನ ಚಿತ್ರದ ಒಂದು ಫ್ರಾಕ್ ತೂಗುತ್ತಿತ್ತು. ಅದು ನನಗೆ ಗೊತ್ತಿದ್ದ ಫ್ರಾಕ್. ಅಂಥದ್ದೇ ಒಂದನ್ನು, ತೋಳು ಸೊಟ್ಟಗಾಗಿ ರಿಜೆಕ್ಟ್ ಆದದ್ದನ್ನು, ಅವ್ವ ಜನವರಿಯಲ್ಲಿ ನನಗೆ ತಂದಿದ್ದಳು. ಆ ತಿಂಗಳು ಪೂರ್ತಿ ಅವಳು ಪ್ಯಾಕ್ ಮಾಡಿದ್ದು ಅದನ್ನೇ. ಪೆಟ್ಟಿಗೆ ಪೆಟ್ಟಿಗೆಗೂ 'ಸಮ್ಮರ್' ಎಂಬ ಚೀಟಿ ಅಂಟಿಸುವುದು ಅವಳ ಕೆಲಸ. ಪ್ರತಿ ವರ್ಷ, ಯಾವ ದೇಶದ ಬೇಸಿಗೆ ಯಾವ ತಿಂಗಳಿಗೆ ಎಂದು ಸೂಪರ್‌ವೈಸರ್ ಕೂಗುವುದನ್ನು ಕೇಳುತ್ತಲೇ ಬಂದವಳು.

ಮನೆಗೆ ಬಂದ ದಿನವೇ ಅವ್ವನನ್ನು ಕೇಳಿದೆ. ಅವ್ವ ರೊಟ್ಟಿ ಬಡಿಯುವ ಸದ್ದು ಜೋರು ಮಾಡಿದಳು. ಗೆದ್ದ ಹೆಸರು ಮಾತ್ರ ವಠಾರದಲ್ಲಿ ಇಂದಿಗೂ ನನ್ನ ಬಾಯಿಗೇ. ಆದ್ದರಿಂದ ಮತ್ತೊಮ್ಮೆ, ಬರವಣಿಗೆಯಲ್ಲೇ ಕೇಳುತ್ತೇನೆ. ಅವ್ವಾ, ಅವತ್ತು ಅಪ್ಪನ ಕೈಗೆ ಪೆನ್ನು ಕೊಟ್ಟಾಗ ನೀ ಹೇಳಿದ್ದು ಯಾವ ಬ್ಯಾಸಿಗಿ?