ಎರಡು ಸಲ ಅಳೆದ ಧೂಳು

ಸೇಡಂ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಪುಡಿಯನ್ನು ಸ್ಪಿರಿಟ್‌ನಲ್ಲಿ ಕದಡಿ ಅದರೊಳಗೆ ಲೇಸರ್ ಬೆಳಕು ಹಾಯಿಸುತ್ತೇವೆ. ದಪ್ಪ ಕಣಕ್ಕೆ ತಾಗಿದ ಬೆಳಕು ಸ್ವಲ್ಪವೇ ಓರೆಯಾಗುತ್ತದೆ. ಸಣ್ಣ ಕಣದಿಂದ ಅಗಲವಾಗಿ ಚೆದುರುತ್ತದೆ. ಅದನ್ನು ನೋಡಿ ಯಂತ್ರ ಕಣದ ಗಾತ್ರ ಹೇಳುತ್ತದೆ.

ನನ್ನ ಅಣ್ಣ ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಶೆಡ್ಡಿನಲ್ಲಿ ಗರಗಸದ ಮುಂದೆ ನಿಲ್ಲುತ್ತಿದ್ದ. ಕೆಮ್ಮು ಹತ್ತಿ ಬಹಳ ದಿನವಾಗಿತ್ತು. ಆ ಕೆಲಸ ಬಿಡಿ ಎಂದು ಅವನ ಹೆಂಡತಿ, ನನ್ನ ವೈನಿ, ಬೆನ್ನು ಹತ್ತಿದ್ದರು. ತಮ್ಮನು ತನ್ನ ಯಂತ್ರದಲ್ಲಿ ನೋಡಿ ಧೂಳು ಪುಪ್ಪುಸಕ್ಕೆ ಇಳಿಯುವಷ್ಟು ಸಣ್ಣದು ಅಂದರೆ ಬಿಡುತ್ತೇನೆ ಎಂದು ಅಣ್ಣ ಒಪ್ಪಿಕೊಂಡ. ಶೆಡ್ಡಿನ ತೊಲೆಯ ಮೇಲೆ ಕೂತಿದ್ದ ಧೂಳನ್ನು ವೈನಿ ಔಷಧದ ಬಾಟಲಿಯಲ್ಲಿ ತುಂಬಿ ಕಳಿಸಿದರು.

ಊಟದ ಬಿಡುವಿನಲ್ಲಿ ಅವಸರದಿಂದ ನೋಡಿದೆ. ಕಣಗಳು ದಪ್ಪ ಬಂದವು. ಅವು ಗಂಟಲಲ್ಲೇ ನಿಲ್ಲುತ್ತವೆ, ಪುಪ್ಪುಸಕ್ಕೆ ಇಳಿಯುವುದಿಲ್ಲ ಎಂದು ಫೋನಿನಲ್ಲಿ ಹೇಳಿದೆ. ಅಣ್ಣ ಮರುದಿನವೂ ಗರಗಸಕ್ಕೆ ಹೋದ.

ಹದಿನೆಂಟು ದಿನ ಕಳೆದ ಮೇಲೆ, ಹೊಸದಾಗಿ ಸೇರಿದ ಹುಡುಗಿಗೆ ಕೆಲಸ ತೋರಿಸುತ್ತಿದ್ದೆ. ಅಳೆಯುವ ಮುಂಚೆ ಕದಡಿದ ಪುಡಿಯನ್ನು ಶಬ್ದದ ಅಲೆಯಿಂದ ಅಲುಗಿಸುವ ತೊಟ್ಟಿಯಲ್ಲಿ ಒಂದು ನಿಮಿಷ ಇಡಬೇಕು, ಇಲ್ಲದಿದ್ದರೆ ಹತ್ತಾರು ಸಣ್ಣ ಕಣ ಅಂಟಿಕೊಂಡು ಒಂದೇ ದಪ್ಪ ಕಣದಂತೆ ಕಾಣುತ್ತವೆ ಎಂದು ಹೇಳುವಾಗಲೇ ನೆನಪಾಯಿತು. ಅಣ್ಣನ ಧೂಳನ್ನು ನಾನು ತೊಟ್ಟಿಯಲ್ಲಿ ಇಟ್ಟಿರಲಿಲ್ಲ. ನನಗೆ ಬೇಕಾದ ಉತ್ತರವೇ ಬಂದಿತ್ತು, ಅದಕ್ಕೇ ಎರಡನೇ ಸಲ ನೋಡಿರಲಿಲ್ಲ.

ಬಾಟಲಿಯಲ್ಲಿ ಉಳಿದಿದ್ದನ್ನು ತೊಟ್ಟಿಯಲ್ಲಿಟ್ಟು ಅಳೆದೆ. ಹೆಚ್ಚಿನವು ಪುಪ್ಪುಸದ ತಳದವರೆಗೆ ಹೋಗುವಷ್ಟು ಸಣ್ಣವು.

ಅವತ್ತೇ ವಾಡಿಯಲ್ಲಿ ಗಾಡಿ ಬದಲಿಸಿ ಶಹಾಬಾದಕ್ಕೆ ಹೋದೆ. ಅಣ್ಣ ಕಾಲು ತೊಳೆಯುತ್ತಿದ್ದ. ನಿಂತಲ್ಲೇ ಎಲ್ಲ ಹೇಳಿದೆ. ಅವನು ಇನ್ನೊಂದು ಚೊಂಬು ನೀರು ಹಾಕಿಕೊಂಡ.

"ಮಷೀನ್ ಶಾಣ್ಯಾ ಐತಿ," ಎಂದ. "ನಡಸೋನೇ ದಡ್ಡ."

ವೈನಿ ನಗಲಿಲ್ಲ. "ಇವರ ಮಾತು ಬಿಡ್ರಿ. ನಾಳಿ ಹೋಗಬೇಕೋ ಬ್ಯಾಡೋ, ಅಷ್ಟ ಹೇಳ್ರಿ."

"ಬ್ಯಾಡ್ರಿ ವೈನಿ."

"ಹಂಗಾರ ಇವರು ಇನ್ನ ಬರಂಗಿಲ್ಲಂತ ಶೆಡ್ಡಿಗೆ ನೀವೇ ಹೋಗಿ ಹೇಳ್ರಿ. ಇವರು ಹೇಳಂಗಿಲ್ಲ."

ಮರುದಿನ ಬೆಳಿಗ್ಗೆ ಅಣ್ಣನ ಜೊತೆ ಶೆಡ್ಡಿಗೆ ಹೋದೆ. ಗರಗಸ ಶುರುವಾಗಿರಲಿಲ್ಲ. ಇನ್ನೂ ಮೂವರು ಅದರ ಮುಂದೆ ನಿಲ್ಲಲು ಮುಖಕ್ಕೆ ಟವೆಲ್ ಕಟ್ಟಿಕೊಳ್ಳುತ್ತಿದ್ದರು. ನನ್ನ ಮೊದಲ ಉತ್ತರವನ್ನು ಅಣ್ಣ ಅವರಿಗೂ ಹೇಳಿದ್ದನಂತೆ. ಯಂತ್ರ ಅಚ್ಚು ಹಾಕಿದ್ದ ಎರಡೂ ಅಳತೆಯ ಕಾಗದ ಹೊರತೆಗೆದು, ತಪ್ಪಾದದ್ದನ್ನು ಮೊದಲು ಅವರ ಮುಂದಿಟ್ಟೆ.