ಲಕ್ಷ್ಮಮ್ಮ ತೊಳೆದ ಹಿತ್ತಾಳೆ ಪಟ್ಟಿಗಳು

ಜರಗನಹಳ್ಳಿಯಲ್ಲಿ ನಮ್ಮ ಮನೆ ಮಾಲೀಕರು ಗಂಗಾಧರಯ್ಯ. ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಮೂರಂತಸ್ತು ಕಟ್ಟಿ ಬಾಡಿಗೆಗೆ ಕೊಟ್ಟಿದ್ದಾರೆ. ನಲ್ಲಿ ಸೋರುತ್ತಿದೆ ಎಂದರೆ ತಿಂಗಳಾದರೂ ಮೇಲೆ ಹತ್ತಿ ಬರುವುದಿಲ್ಲ. ಆ ಸಿಟ್ಟು ನನಗೆ ಇಂದಿಗೂ ಇದೆ. ಆದರೆ ಹೆಂಡತಿ ಲಕ್ಷ್ಮಮ್ಮನ ವಿಷಯಕ್ಕೆ ಬಂದರೆ ಮನುಷ್ಯ ಬೆಣ್ಣೆ.

ಲಕ್ಷ್ಮಮ್ಮ ಊರಿನ ಮದುವೆಗಳಲ್ಲಿ ಸೋಬಾನೆ ಹಾಡುತ್ತಿದ್ದವರು. ನಾಲ್ಕು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಯಿತು. ಈಗ ಉಳಿದಿರುವುದು ಪಿಸುದನಿ ಮಾತ್ರ. ಯಾರದೋ ಮದುವೆಯಲ್ಲಿ ರೆಕಾರ್ಡ್ ಆಗಿದ್ದ ಅವರ ಹಾಡನ್ನು ಗಂಗಾಧರಯ್ಯ ದಿನಾ ಬೆಳಗ್ಗೆ ಕಾಫಿಯ ಜೊತೆ ಕೇಳುತ್ತಾರೆ. ಅದಕ್ಕೆಂದೇ ಸೊಂಟದೆತ್ತರದ ಎರಡು ಸ್ಪೀಕರ್ ತಂದಿದ್ದಾರೆ. ಆಯುಧಪೂಜೆಯ ದಿನ ಅವಕ್ಕೂ ಕುಂಕುಮ ಇಟ್ಟು ಮುಟ್ಟದೆ ಬಿಟ್ಟಿದ್ದರು.

ಮಾರನೆಯ ಬೆಳಗ್ಗೆ, ಆಶ್ಚರ್ಯ, ಮೆಟ್ಟಿಲು ಹತ್ತಿ ನಮ್ಮ ಬಾಗಿಲಿಗೇ ಬಂದರು.

"ಸಂಘಮಿತ್ರಾ, ನನ್ನ ಕಿವಿ ಹೋಯ್ತು ಕಣಮ್ಮ. ಹಾಡು ಹಾಕಿದ್ರೆ ಬರೀ ಗುಂಯ್ ಅನ್ನುತ್ತೆ. ಸಣ್ಣ ದನಿ ಕೇಳಿಸ್ತಾನೇ ಇಲ್ಲ."

"ಆಂಟಿಗೆ ಹೇಳಿದ್ರಾ?"

"ಅವಳ ಮುಂದೆ ನಿಲ್ಲೋಕೇ ಭಯ. ಅವಳು ಮಾತಾಡಿ, ನಂಗೆ ಕೇಳಿಸ್ದೆ ಹೋದ್ರೆ?"

ನನಗೆ ಸಂಕಟವಾಯಿತು. ಕೆಳಗೆ ಹೋಗಿ ಹಾಡು ಹಾಕಿದೆ. ನನಗೂ ಗುಂಯ್ ಎಂದೇ ಕೇಳಿಸಿತು. ಹೇಳಿದರೆ ನಂಬಲಿಲ್ಲ. "ಸಮಾಧಾನಕ್ಕೆ ಹೇಳ್ಬೇಡಮ್ಮ" ಎಂದು ಕುರ್ಚಿಯಲ್ಲಿ ಕುಸಿದರು.

ಸ್ಪೀಕರ್ ಹಿಂದೆ ಬಗ್ಗಿ ನೋಡಿದೆ. ಮೇಲೊಂದು ಜೋಡಿ ತಿರುಪು, ಕೆಳಗೊಂದು ಜೋಡಿ. ತಂತಿ ಇದ್ದದ್ದು ಕೆಳಗಿನದಕ್ಕೆ ಮಾತ್ರ. ಈ ವಿಷಯದಲ್ಲಿ ನನಗೆ ಅಆಇಈ ಗೊತ್ತಿಲ್ಲ. ಫೋನ್ ತೆಗೆದು ಓದಿದೆ. ಮೇಲಿನ ಜೋಡಿ ಸಣ್ಣ ದನಿಗೆ, ಕೆಳಗಿನದು ದಪ್ಪ ದನಿಗೆ. ನಡುವೆ ಲೋಹದ ಪಟ್ಟಿ ಹಾಕಿ ಎರಡನ್ನೂ ಕೂಡಿಸಿದ್ದರೆ ಒಂದು ತಂತಿ ಸಾಕು. ಪಟ್ಟಿ ಬಿಚ್ಚಿ, ಎರಡಕ್ಕೂ ಆಂಪ್ಲಿಫಯರಿನಿಂದ ಬೇರೆ ಬೇರೆ ತಂತಿ ಎಳೆದರೆ ಅದೇ ಬೈ-ವೈರಿಂಗ್. ಇಲ್ಲಿ ಪಟ್ಟಿಯೂ ಇಲ್ಲ, ಎರಡನೇ ತಂತಿಯೂ ಇಲ್ಲ. ಸಣ್ಣ ದನಿ ಬರುವುದಾದರೂ ಎಲ್ಲಿಂದ?

"ಅಂಕಲ್, ಇಲ್ಲಿದ್ದ ಪಟ್ಟಿಗಳೆಲ್ಲಿ?" ಎಂದೆ.

ಅವರ ಬೆನ್ನ ಹಿಂದೆ, ಅಡುಗೆಮನೆ ಬಾಗಿಲಲ್ಲಿ ಲಕ್ಷ್ಮಮ್ಮ ಬಂದು ನಿಂತಿದ್ದರು. ತುಟಿ ಅಲ್ಲಾಡಿತು. ಫ್ಯಾನಿನ ಸದ್ದಿನಲ್ಲಿ ನನಗೆ ಒಂದಕ್ಷರವೂ ಕೇಳಿಸಲಿಲ್ಲ.

ಗಂಗಾಧರಯ್ಯ ತಟಕ್ಕನೆ ತಿರುಗಿದರು. "ಹಬ್ಬಕ್ಕೆ ಅಂತ ಅದನ್ನೂ ಹುಣಸೆಹಣ್ಣು ಹಾಕಿ ಉಜ್ಜಿದ್ಯಾ?"

ಲಕ್ಷ್ಮಮ್ಮ ತಲೆಯಾಡಿಸಿ ಪೂಜೆಯ ತಟ್ಟೆ ತಂದರು. ದೀಪಗಳ ಪಕ್ಕದಲ್ಲಿ ನಾಲ್ಕು ಹಿತ್ತಾಳೆ ಪಟ್ಟಿಗಳು, ಒಂದೊಂದಕ್ಕೂ ಕುಂಕುಮ.

ಗಂಗಾಧರಯ್ಯ ಅತ್ತ ನೋಡಲೂ ಇಲ್ಲ. "ಆ ಬಾಗಿಲಿಗೇ ಹೋಗು. ಅಲ್ಲಿಂದ ಇನ್ನೊಂದ್ಸಲ ಹೇಳು" ಎಂದು ಕಣ್ಣು ಮುಚ್ಚಿ ಕೂತರು.

ಲಕ್ಷ್ಮಮ್ಮ ಹೋಗಿ ನಿಂತು ಏನೋ ಹೇಳಿದರು. ಇವರು ಹೂಂ ಎಂದರು. ಮತ್ತೇನೋ ಹೇಳಿದರು. ಇವರು ಕಣ್ಣೊರೆಸಿಕೊಳ್ಳುತ್ತಾ ನಕ್ಕರು. ನಾನು ಪಟ್ಟಿಗಳನ್ನು ಕೂಡಿಸಿ ತಿರುಪು ಬಿಗಿದೆ. ಆ ಬೆಳಗ್ಗೆ ಹಾಡು ಹಾಕುವುದು ಇಬ್ಬರಿಗೂ ನೆನಪಾಗಲಿಲ್ಲ.