ಉಡಿ ತುಂಬಿ ಮಿಷನ್ ಕಿತ್ತುಕೊಂಡವರು

ಗೆಲ್ಲೋ ಕೇಸನ್ನ ಒಂದೇ ಮಾತಿನಲ್ಲಿ ಸೋಲೋದು ಹೇಗೆ ಅಂತ ನೋಡಬೇಕಿದ್ದರೆ ನೀವು ನನ್ನ ಜೊತೆ ರಾಯದುರ್ಗದ ಲೇಬರ್ ಆಫೀಸಿಗೆ ಬರಬೇಕಿತ್ತು.

ಆಫೀಸರ್ ಕೇಳಿದ್ದು ಸುಲಭದ ಪ್ರಶ್ನೆ. "ಹೇಳಮ್ಮಾ, ನೀನು ಇವರ ಹತ್ತಿರ ಕೆಲಸಕ್ಕಿದ್ದೆಯೋ ಇಲ್ಲವೋ?" ಇದ್ದೆ ಅಂದರೆ ಮುಗೀತು. ನಮ್ಮ ಹನುಮಕ್ಕ ಸೆರಗು ಸರಿ ಮಾಡಿಕೊಂಡು ಅಂದಳು: "ಕೆಲಸ ಅಂತ ಹೆಂಗ ಅನ್ನಲ್ರಿ ಸಾರ್, ಅದು ನನ್ನ ತವರುಮನಿ ಇದ್ದಂಗ."

ಪಕ್ಕದಲ್ಲಿ ಕರಿ ಕೋಟು ಹಾಕಿಕೊಂಡು ನಿಂತಿದ್ದ ನನ್ನ ಮೊಮ್ಮಗಳು ವನಜಾ ಹಣೆ ಒತ್ತಿಕೊಂಡಳು. ಹನುಮಕ್ಕನ ಲಾಯರ್ ಅವಳೇ.

ವನಜಾ ಇನ್ನೂ ಜೂನಿಯರ್ರು. ಏನು ಕೇಸು ನೋಡ್ತೀಯೇ ಅಂತ ಕೇಳಿದರೆ ಸಿವಿಲ್ಲು, ಕಮರ್ಷಿಯಲ್ಲು, ಎಂಪ್ಲಾಯ್‌ಮೆಂಟು ಅಂತಾಳೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ನನಗೆ ತಿಳಿದದ್ದು ಇಷ್ಟು: ಸಿವಿಲ್ ಅಂದರೆ ಗೋಡೆ, ಬದು, ಪಾಲು. ಕಮರ್ಷಿಯಲ್ ಅಂದರೆ ಮಾಲು ಕಳಿಸಿದೆ ಅನ್ನೋನೊಬ್ಬ, ಬಂದೇ ಇಲ್ಲ ಅನ್ನೋನೊಬ್ಬ. ಎಂಪ್ಲಾಯ್‌ಮೆಂಟ್ ಅಂದರೆ ನಾಳೆಯಿಂದ ಬರಬೇಡ ಅನ್ನಿಸಿಕೊಂಡವರು. ಅವಳ ಸೀನಿಯರ್‌ಗೆ ಯಾವುದು ಬೇಡವೋ ಅದೆಲ್ಲ ಇವಳಿಗೆ. ಒಂದು ದಿನ ಮಡಕಶಿರಾದ ಹುಣಸೆಹಣ್ಣಿನ ವ್ಯಾಪಾರಿ, ಮಾರನೇ ದಿನ ಬೆಳುಗುಪ್ಪದ ಬದುವಿನ ಜಗಳ. ಊಟ ಬಸ್ಸಲ್ಲಿ. (ಡಬ್ಬಿ ಕಟ್ಟೋಳು ನಾನು. ವಾಪಸ್ ಬಂದಾಗ ಅರ್ಧ ಹಾಗೇ ಇರುತ್ತೆ.)

ಹನುಮಕ್ಕ ನಮ್ಮ ಓಣಿಯವಳು. ಊರಾಚೆಯ ಒಂದು ಗಾರ್ಮೆಂಟ್ಸಲ್ಲಿ ಜೀನ್ಸ್ ಪ್ಯಾಂಟ್ ಹೊಲೀತಿದ್ದಳು. ಗಂಡ ಓಬಳಾಪುರದ ಕಡೆ ಲಾರಿ ಹೊಡೀತಿದ್ದ, ಈಗ ಕೆಲಸ ಸಿಕ್ಕರೆ ಉಂಟು, ಇಲ್ಲದಿದ್ದರೆ ಕಟ್ಟೆ ಮೇಲೆ ಕೂತಿರ್ತಾನೆ. ಒಲೆ ಉರಿಯೋದು ಇವಳ ಹೊಲಿಗೆಯಿಂದ. ಒಂದು ದಿನ ಮಿಷನ್ ಸೂಜಿ ಬೆರಳಿಗೇ ಹೊಕ್ಕಿತು. ಬೆರಳು ಮಾಯೋವರೆಗೆ ಮನೇಲಿದ್ದಳು. ಮಾಯ್ದ ಮೇಲೆ ಹೋದರೆ ಅವಳ ಮಿಷನ್ ಮುಂದೆ ಬೇರೆ ಹುಡುಗಿ. ಮಾರನೇ ದಿನ ಗೇಟಲ್ಲೇ ವಾಚ್‌ಮನ್ ತಡೆದ. "ಓನರ್ ಬ್ಯಾಡ ಅಂದಾರ ಅಕ್ಕಾ, ನನ್ನ ಬೈಬ್ಯಾಡ."

ಅವಳು ಕೇಳಿದ್ದು ಪರಿಹಾರ ಅಲ್ಲ, ಕ್ಷಮೆ ಅಲ್ಲ. ನನ್ನ ಮಿಷನ್ ನನಗೆ ಬೇಕು, ಅಷ್ಟೇ. ವನಜಾ ಅರ್ಜಿ ಹಾಕಿದಳು. ಜೊತೆಗೆ ಬರಲೇಬೇಕು ಅಂತ ಹನುಮಕ್ಕ ನನ್ನ ಕೈ ಹಿಡಿದು ಎಳೆದಳು, ಹೋದೆ.

ಓನರ್ ಬಂದ. ಬಿಳಿ ಅಂಗಿ, ಬಾಯ್ತುಂಬ ನಗು. ಬಂದವನೇ ಹನುಮಕ್ಕನಿಗೆ "ಚೆನ್ನಾಗಿದ್ದೀಯೇನವ್ವಾ" ಅಂದ. ಆಮೇಲೆ ಆಫೀಸರ್ ಮುಂದೆ ಫೋನ್ ಹಿಡಿದ. ಅದರಲ್ಲಿ ಆಯುಧಪೂಜೆಯ ಫೋಟೋ. ಮಿಷನ್‌ಗಳಿಗೆ ಹೂವು, ಕುಂಕುಮ. ಅವನ ಹೆಂಡತಿ ಹನುಮಕ್ಕನ ಸೆರಗಿಗೆ ಅಕ್ಕಿ, ಕಾಯಿ, ಕುಬುಸದ ಬಟ್ಟೆ ಹಾಕ್ತಿದ್ದಾಳೆ.

"ನೋಡ್ರಿ ಸಾರ್, ನಮ್ಮಾಕಿ ಈಕಿಗೆ ಉಡಿ ತುಂಬ್ಯಾಳ. ಕೂಲಿಯವರಿಗೆ ಯಾರಾರ ಉಡಿ ತುಂಬ್ತಾರೇನ್ರಿ? ಈಕಿ ನಮ್ಮ ಮನಿ ಮಗಳು. ಬಿಡುವಿದ್ದಾಗ ಬಂದು ನಾಕು ಪ್ಯಾಂಟ್ ಹೊಲಿದು ಕೊಡ್ತಿದ್ಲು. ಕೆಲಸಕ್ಕೆ ಇಟ್ಕಂಡಿದ್ರ ತಾನೇ ತೆಗೆಯಾದು?"

ಬಿಡುವಿದ್ದಾಗ! ಬೆಳಗಾಗೆದ್ದು ಓಡಿ, ದೀಪ ಹಚ್ಚೋ ಹೊತ್ತಿಗೆ ಸೊಂಟ ಹಿಡಿದುಕೊಂಡು ಬರೋಳಿಗೆ ಬಿಡುವು ಯಾವಾಗ ಇತ್ತು?

ಸುಮ್ಮನಿರಲಾಗದೆ ಬಾಯಿ ಹಾಕಿದೆ. "ಮನಿ ಮಗಳಾದ್ರ ಆಸ್ತ್ಯಾಗ ಪಾಲು ಕೊಡಪಾ ಮತ್ತ." ಆಫೀಸರ್ ನಗಲಿಲ್ಲ. "ಅಜ್ಜೀ, ನೀವು ಪಾರ್ಟಿ ಅಲ್ಲ. ಹೊರಗೆ ಕೂತ್ಕೊಳ್ಳಿ." ವನಜಾ ನನ್ನ ಮೇಲೆ ಕಣ್ಣು ಕೆಂಪು ಮಾಡಿದಳು. ಬಾಗಿಲ ಪಕ್ಕದ ಬೆಂಚಿಗೆ ಹೋಗಿ ಕೂತೆ. ಬಾಗಿಲು ತೆರೆದೇ ಇತ್ತು, ತವರುಮನೆ ಉತ್ತರ ನಾನು ನೋಡಿದ್ದು, ಕೇಳಿದ್ದು ಅಲ್ಲಿಂದಲೇ.

ಜೊತೆಯಲ್ಲಿ ಕೆಲಸ ಮಾಡಿದವರನ್ನ ಸಾಕ್ಷಿಗೆ ಕರ್ಕೊಂಡು ಬನ್ನಿ ಅಂತ ಆಫೀಸರ್ ಇನ್ನೊಂದು ವಾಯಿದೆ ಕೊಟ್ಟರು. ವಾಪಸ್ ಬರುವಾಗ ಆಟೋದಲ್ಲಿ ಹನುಮಕ್ಕ ಕೇಳಿದಳು.

"ಉಡಿ ತುಂಬಿಸ್ಕಂಡು ಅದು ಬರೇ ಕೂಲಿ ಜಾಗ ಅಂದ್ರ ನಾಲಿಗಿ ಬಿದ್ದು ಹೋಗಲ್ಲೇನವ್ವಾ ವನಜಮ್ಮಾ?"

"ನಾಲಿಗಿ ಉಳೀತಕ್ಕಾ," ಅಂದಳು ನನ್ನ ಮೊಮ್ಮಗಳು, "ಕೇಸ್ ಬಿತ್ತು."

ನನಗೆ ಸಿಟ್ಟು ಬಂದದ್ದು ಯಾರ ಮೇಲೆ ಅಂತ ನನಗೇ ಗೊತ್ತಾಗಲಿಲ್ಲ. ಹನುಮಕ್ಕನ ಮೇಲೂ ಬಂತು. ಆದರೆ ಅವಳ ಜಾಗದಲ್ಲಿ ನಾನಿದ್ದಿದ್ದರೆ? ಸೆರಗೊಡ್ಡಿ ತಗೊಂಡ ಅಕ್ಕಿಯನ್ನ ನಾಕು ಜನರ ಮುಂದೆ ಸುಳ್ಳು ಅಂತ ಅನ್ನೋಕೆ ನನಗಾದರೂ ಬಾಯಿ ಬರ್ತಿತ್ತಾ? ಇದು ಆ ಬಿಳಿ ಅಂಗಿಯವನಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಫೋಟೋ ತೆಗೆಸಿ ಇಟ್ಟುಕೊಂಡಿದ್ದಾನೆ.

ರಾತ್ರಿ ವನಜಾ ಇನ್ನೊಂದು ಮಾತು ಹೇಳಿದಳು. ಅವಳ ಸಿವಿಲ್ ಕೇಸಲ್ಲಿ ಅಣ್ಣತಮ್ಮಂದಿರು ಕೋರ್ಟಿಗೆ ಬಂದು ಇದೇ ಉಡಿಯ ಮಾತಾಡ್ತಾರಂತೆ. ಅಕ್ಕನಿಗೆ ಹಬ್ಬ ಹಬ್ಬಕ್ಕೂ ಸೀರೆ ಕೊಟ್ಟೀವಿ, ಉಡಿ ತುಂಬೀವಿ, ಇನ್ನ ಪಾಲು ಯಾಕ ಅಂತ. ಅಲ್ಲಾ ಸ್ವಾಮಿ, ಹೆತ್ತ ಮನೆಯ ಮಗಳಿಗೆ ಉಡಿ ತುಂಬಿದರೆ ಪಾಲಿಲ್ಲ. ಕೆಲಸದವಳಿಗೆ ತುಂಬಿದರೆ ಕೆಲಸವಿಲ್ಲ. ಒಂದು ಪಾವು ಅಕ್ಕಿ ಹಾಕಿ ಇನ್ನೂ ಏನೇನು ಕಿತ್ತುಕೊಳ್ಳಬೇಕು ಅಂತ ಮಾಡಿದ್ದೀರಿ?

ಸಾಕ್ಷಿ ಹುಡುಕೋಕೆ ವನಜಾ ಮನೆ ಮನೆ ಸುತ್ತಿದಳು. ಹನುಮಕ್ಕನ ಪಕ್ಕದ ಮಿಷನ್ನಿನವಳು ಚಹಾ ಕೊಟ್ಟಳು, ಕಣ್ಣೀರೂ ಹಾಕಿದಳು. ಕೊನೆಗೆ "ನಾವೂ ಉಡಿ ತುಂಬಿಸ್ಕಂಡೀವಲ್ಲ ಮೇಡಂ, ಹೆಂಗ ಬರಾನ?" ಅಂದಳು. ಅದು ದೇವರ ಭಯವೋ, ಗೇಟಿನ ಭಯವೋ? ಎರಡೂ ಇರಬೇಕು. ಬೇರೆ ಮನೆಗಳಲ್ಲೂ ಇದೇ ಉತ್ತರ, ಚಹಾ ಮಾತ್ರ ಇಲ್ಲ. ಸೀನಿಯರ್ ಅಂತೂ ಈ ಫೈಲ್ ಬಿಟ್ಟುಬಿಡು ಅಂದಿದ್ದಾರೆ. ಬಿಡಲ್ಲ ಅಂತ ಇವಳು ಹಟ ಹಿಡಿದಿದ್ದಾಳೆ. ಡಬ್ಬಿ ಈಗ ಪೂರ್ತಿ ವಾಪಸ್ ಬರುತ್ತೆ.

ಇಷ್ಟರಲ್ಲಿ ದಸರಾ ಬಂತು. ಓನರ್ ಹೆಂಡತಿಯೇ ಹನುಮಕ್ಕನಿಗೆ ಫೋನ್ ಮಾಡಿದಳು. ಮಿಷನ್ ಪೂಜೆ ಐತಿ, ಉಡಿ ತುಂಬ್ತೀವಿ, ತಪ್ಪಿಸಬ್ಯಾಡ ಅಂತ. ಫೋನ್ ಹಿಡಿದುಕೊಂಡೇ ಹನುಮಕ್ಕ ನಮ್ಮ ಮನೆಗೆ ಓಡಿ ಬಂದಳು.

"ಹೋದರೆ ಇನ್ನೊಂದು ಫೋಟೋ ತೆಗೀತಾರೆ ಅಕ್ಕಾ," ಅಂದಳು ವನಜಾ. "ಹೋಗಬೇಡ ಅಂತ ನಾನು ಹೇಳಲ್ಲ. ಅದು ನಿನಗೆ ಬಿಟ್ಟದ್ದು."

ಹನುಮಕ್ಕ ನನ್ನ ಮುಖ ನೋಡಿದಳು. "ದೊಡ್ಡವ್ವಾ, ಮುತ್ತೈದಿ ಆಗಿ ಉಡಿ ಬ್ಯಾಡ ಅನ್ನಾದು ಹೆಂಗ?"

ನನಗೇನು ಗೊತ್ತು? ನಾನೂ ಜನ್ಮದಲ್ಲಿ ಅಂದವಳಲ್ಲ. ಹಾಗಂತಲೇ ಹೇಳಿದೆ.

ಹನುಮಕ್ಕ ಹೊಸ್ತಿಲ ಹೊರಗೆ ಹೋಗಿ ನಿಂತಳು. ತಾನೇ ಓನರ್ ಹೆಂಡತಿಗೆ ಫೋನ್ ಹಚ್ಚಿದಳು. ಅಂದಳು: "ಅಕ್ಕಾರ, ಮೊದಲು ನನ್ನ ಮಿಷನ್ ಕೊಡ್ರಿ. ಅದರ ಮುಂದ ಕುಂತು ಉಡಿ ತುಂಬಿಸ್ಕಂತೀನಿ. ಗೇಟಿನ ಹೊರಗ ನಿಂತಾಕಿಗೆ ಬ್ಯಾಡ್ರಿ."

ಫೋನ್ ಇಟ್ಟವಳೇ ಕೂತು ಅತ್ತಳು. ಕೇಸು ಏನಾಗುತ್ತೋ ಗೊತ್ತಿಲ್ಲ, ವಾಯಿದೆ ಇನ್ನೂ ಮುಂದಿದೆ. ಊರ ತೀರ್ಪು ಮಾತ್ರ ಸಂಜೆಯೊಳಗೇ ಬಂತು. ನಲ್ಲಿ ಹತ್ತಿರ, ಹಿಟ್ಟಿನ ಗಿರಣಿ ಹತ್ತಿರ, ಎಲ್ಲಿ ಹೋದರೂ ಹೆಂಗಸರು ನನ್ನನ್ನ ನಿಲ್ಲಿಸಿ ಕೇಳ್ತಾರೆ: ಉಡಿ ಬ್ಯಾಡ ಅಂದ್ಲಂತಲ್ಲ ಹನುಮಕ್ಕ, ಅದೆಂಥಾ ಹೆಂಗಸು?

ಮಿಷನ್ ಕಿತ್ತುಕೊಂಡೋನು ಅದೆಂಥಾ ಗಂಡಸು ಅಂತ ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ, ಯಾಕ?